ಹಳದಿ ಹೆಬ್ಬೆಟ್ಟು

ನನ್ನ ಮೊಬೈಲಿನಲ್ಲಿ ಹಳದಿ ಹೆಬ್ಬೆಟ್ಟೊಂದು ಮನೆ ಮಾಡಿಕೊಂಡಿದೆ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ, ಕುಕ್ಕರ್ ಸೀಟಿಗಳ ನಡುವೆ ಒಂದು ವಾಕ್ಯ ಮುಗಿಸಿ, ಇದೇ ಊರಿನ ಇನ್ನೊಂದು ತುದಿಯ ಭಾಂಡುಪಿನಲ್ಲಿರುವ ನನ್ನ ಅಕ್ಕನಿಗೆ ಕಳಿಸಿದರೆ, ಕ್ಷಣಾರ್ಧದಲ್ಲಿ ಬರುವ ಉತ್ತರ ಆ ಹೆಬ್ಬೆಟ್ಟು. ಊಟ ಆಯಿತೇ ಎಂದರೂ ಅದೇ, ಮೊಣಕಾಲು ನೋವು ಹೇಗಿದೆ ಎಂದರೂ ಅದೇ.

"ಅಜ್ಜಿ, ಅಂದ್ರೆ ಓಕೆ. ಟೆನ್ಶನ್ ನಕೋ," ಎಂದಳು ಟೈಪಿಂಗ್ ಕಲಿಸಿದ ಮೊಮ್ಮಗಳು. ಚಿಕ್ಕಂದಿನಲ್ಲಿ ಧಾರವಾಡದ ನಮ್ಮ ಓಣಿಯಲ್ಲಿ ಹೆಬ್ಬೆಟ್ಟು ಆಡಿಸಿದರೆ "ನಿನಗ ಏನೂ ಸಿಗಂಗಿಲ್ಲ ಹೋಗ" ಎಂದರ್ಥ. ಈಗಲೂ ಅರ್ಥ ಅಷ್ಟೇನೂ ಬದಲಾಗಿಲ್ಲವೆಂದು ನನ್ನ ಗುಮಾನಿ.

ನಮ್ಮ ಮನೆತನದಲ್ಲಿ ಪ್ರೀತಿಯ ಅಧಿಕೃತ ಭಾಷೆ ಬೈಗುಳ. ತಬ್ಬಿ ಮುದ್ದಿಸುವುದೆಲ್ಲ ಸಿನಿಮಾದವರ ಕಸುಬು. ನನಗೆ ಜ್ವರ ಬಂದರೆ ಅಕ್ಕ ಲೋಕಲ್ ರೈಲು ಹಿಡಿದು ಸಯನ್‌ನ ನಮ್ಮ ಮನೆಗೆ ಬಂದು, ಬಾಗಿಲಲ್ಲೇ "ಸಾಯಾಕ ನಿಂತೀಯೇನ? ಮೊದ್ಲ ಫ್ಯಾನ್ ಆರಸ" ಎಂದು ಗದರಿ, ಗಂಜಿಗೆ ಇಡುತ್ತಿದ್ದಳು. ಗಂಜಿಗಿಂತ ಗದರಿಕೆಯೇ ಬೇಗ ಗುಣ ಕೊಡುತ್ತಿತ್ತು. ಭಾವ ತೀರಿಕೊಂಡ ಮೇಲೆ ಅವಳು ಯಾರನ್ನೂ ಬೈದಿಲ್ಲ. ಫೋನ್ ಮಾಡಿದರೆ "ಹೂಂ, ಆರಾಮ" ಎಂದು ಇಟ್ಟುಬಿಡುತ್ತಾಳೆ. ಎಷ್ಟು ಶಾಂತವಾಗಿದ್ದಾರೆ ಎಂದು ಎಲ್ಲರೂ ಮೆಚ್ಚುತ್ತಾರೆ. ನನಗೆ ಮಾತ್ರ ಭಯ. ದುಃಖ ಅಳುವಾಗಿ ಹೊರಬಂದರೆ ಸೆರಗು ಸಾಕು. ಅದೇ ದುಃಖ ಸೌಜನ್ಯದ ವೇಷ ತೊಟ್ಟು ಒಳಗೇ ಕುಳಿತರೆ ಎಬ್ಬಿಸುವುದು ಹೇಗೆ, ನೀವೇ ಹೇಳಿ.

ಕೊನೆಗೆ ಮೊನ್ನೆ ಒಂದು ಕಿತಾಪತಿ ಮಾಡಿದೆ. ಬಂಧುಬಳಗದ ಗ್ರೂಪಿನಲ್ಲಿ "ನಮ್ಮ ಅವ್ವನ ಎಣ್ಣೆಗಾಯಿ" ಎಂದು ವಿಧಾನ ಬರೆದು, ಬದನೆಕಾಯಿಯೊಳಗೆ ಗುರೆಳ್ಳಿನ ಪುಡಿಯ ಬದಲು ಟೊಮೆಟೊ ಸಾಸ್ ತುಂಬಿಸಿಬಿಟ್ಟೆ. ಸೊಸೆಯಂದಿರು ಚಪ್ಪಾಳೆಯ ಚಿತ್ರ ಹಾಕಿದರು. ನಾನು ಮನಸ್ಸಿನಲ್ಲೇ ಅವ್ವನ ಕ್ಷಮೆ ಕೇಳಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಇದಕ್ಕೂ ಹೆಬ್ಬೆಟ್ಟೇ ಬಂದರೆ ನನ್ನ ಅಕ್ಕ ಇನ್ನು ನನಗಿಲ್ಲ.

ಫೋನೇ ಬಂತು.

"ಏ ಖೋಡಿ, ಅವ್ವ ಯಾವಾಗ ಸಾಸ್ ಹಾಕಿದ್ಳ? ಬುದ್ಧಿ ನೆಟ್ಟಗೈತಿಲ್ಲ? ಗುರೆಳ್ಳ ಇಲ್ಲದ ಎಣ್ಣಿಗಾಯಿ ಇವರು ಮುಟ್ಟತಿದ್ದಿಲ್ಲ..."

ಭಾವನ ಮಾತು ಬಂದದ್ದೇ ದನಿ ಒಡೆಯಿತು. ಅತ್ತಳು, ಬೈದಳು, ಮತ್ತೆ ಅತ್ತಳು. ಬಹಳ ದಿನ ಹಸಿದವಳ ಹಾಗೆ ನಾನು ಬೈಸಿಕೊಂಡೆ.

"ನಾಳಿ ಬರ್ತೀನಿ. ಬದನಿಕಾಯಿ ನೀ ತರಬ್ಯಾಡ, ಹುಳಕ ಆರಿಸಿ ತರ್ತಿ," ಎಂದು ಇಟ್ಟಳು.

ಸೆರಗಿನಿಂದ ಕಣ್ಣೊರೆಸಿಕೊಂಡು, ಹಳದಿ ಹೆಬ್ಬೆಟ್ಟನ್ನೇ ಹುಡುಕಿ ಕಳಿಸಿದೆ. ಮರುಗಳಿಗೆಯಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.

"ಹೆಬ್ಬೆಟ್ಟ ಏನ ತೋರಸ್ತಿ? ಬಾಯಿ ಇಲ್ಲೇನ ನಿನಗ?"