ಬುಖಾರದ ಮುಳ್ಳು

ಖಾಜಾಮಿಯಾ ಮೋಟಾರಿನ ಮುಳ್ಳಿನ ಜೊತೆ ಮಾತಾಡುತ್ತಿದ್ದರು. ಸ್ಟೇರಿಂಗ್ ಪಕ್ಕದ ದುಂಡನೆಯ ಗಾಜಿನೊಳಗೆ, ಇಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳದು. ಅವರು ಅದನ್ನು 'ಬುಖಾರದ ಮುಳ್ಳು', ಅಂದರೆ ಜ್ವರದ ಮುಳ್ಳು, ಎನ್ನುತ್ತಿದ್ದರು. "ಆರಾಮ್ ಇದ್ದೀ ಏನವ್ವಾ?" ಎಂದು ವಿಚಾರಿಸಿಯೇ ಗಾಡಿ ಬಿಡುವುದು. ನಾನು ಸೊಸೆಯಾಗಿ ಬಂದ ಸಂತಪುರದ ದೇಶಮುಖರ ಮನೆಯ ಮೋಟಾರಿಗೆ ಅವರೇ ಡ್ರೈವರ್. ನಿಜಾಮರ ಕಾಲ, ಔರಾದಿನಿಂದ ಭಾಲ್ಕಿಯವರೆಗೆ ಅಂಥ ಮೋಟಾರು ಇನ್ನೊಂದಿಲ್ಲವೆಂದು ನಮಗೆಲ್ಲ ಜಂಬ. ಆಳೆತ್ತರದ ಮನುಷ್ಯ, ಮುಳ್ಳು ಒಂದು ಗೆರೆ ಏರಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ನನ್ನ ಚೊಚ್ಚಲ ಹೆರಿಗೆಗೆ ಸೂಲಗಿತ್ತಿ ಕೈಚೆಲ್ಲಿ, "ಬೀದರಕ್ಕ ಒಯ್ರಿ" ಎಂದಳು. ಸುಡುಬೇಸಿಗೆ. ಅರ್ಧ ದಾರಿಯಲ್ಲಿ ಮುಳ್ಳು ಏರಿತೆಂದು ಖಾಜಾಮಿಯಾ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿಬಿಟ್ಟರು. ಅವರ ಡಬ್ಬಿಯ ನೀರೆಲ್ಲ ಆಗಲೇ ಇಂಜಿನ್ನಿಗೆ ಹೋಗಿತ್ತು.

"ನನ್ನ ಜೀವ ಹೋಗ್ಲಿಕತ್ತದ, ನಿಮಗ ಮುಳ್ಳಿನ ಚಿಂತಿ!" ಎಂದು ನಾನು ಬಾಯಿಗೆ ಬಂದಂತೆ ಬೈದೆ.

"ಬೈಯ್ರಿ ಬೇಟಿ. ಈಗ ನಿಲ್ಲಲಿಲ್ಲಂದ್ರ ಇಂಜಿನ್ ಹಿಡಕೊಂಡು ಗಾಡಿ ನಿಂತೇ ಬಿಡ್ತದ. ಆಮ್ಯಾಲ ದವಾಖಾನಿಗಿ ಹ್ಯಾಂಗ ಮುಟ್ಟಸಲಿ?"

ನೀರು ಉಳಿದದ್ದು ಜೊತೆಗೆ ಬಂದಿದ್ದ ಅತ್ತೆಯ ತಂಬಿಗೆಯಲ್ಲಿ ಮಾತ್ರ, ಅದೂ ಲಿಂಗಪೂಜೆಗೆ ತೆಗೆದಿಟ್ಟದ್ದು. ನಸುಕಿನಲ್ಲೇ ಹೊರಟಿದ್ದರಿಂದ ಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅತ್ತೆ ಹನಿ ನೀರೂ ಕುಡಿಯುವವರಲ್ಲ. ಖಾಜಾಮಿಯಾ ತಂಬಿಗೆ ನೋಡಿದರು, ನೆಲ ನೋಡಿದರು. ಅತ್ತೆಯೇ ಚಾಚಿದರು.

"ಪೂಜಿ ನೀರದರಿ ಅವ್ವಾರ..."

"ಇವತ್ತಿಗಿ ಇದೇ ಪೂಜಿ. ಹಾಕು ಖಾಜಾ."

ಇಂಜಿನ್ ತಣಿಯುವವರೆಗೆ ಕಾದು, ಸ್ವಲ್ಪಸ್ವಲ್ಪವಾಗಿ ಸುರಿದರು. ಮುಳ್ಳು ಇಳಿಯಿತು. ಬೀದರ ಮುಟ್ಟಿದ ಮೇಲೆ ಮಗಳು ಹುಟ್ಟಿದಳು.

ಆ ವರ್ಷವೇ ಪೊಲೀಸ್ ಆ್ಯಕ್ಷನ್ ಆಯಿತು; ನಿಜಾಮರ ಆಳ್ವಿಕೆ ಹೋಗಿ, ಊರೂರಲ್ಲಿ ಮುಸಲ್ಮಾನರ ಮೇಲೆ ಸಿಟ್ಟು ತಿರುಗಿತು. ನಿನ್ನೆಯವರೆಗೆ 'ಚಾಚಾ' ಎನ್ನುತ್ತಿದ್ದವರು ಖಾಜಾಮಿಯಾರನ್ನು ಕಂಡೂ ಕಾಣದಂತೆ ಹೋಗತೊಡಗಿದರು. ನಮ್ಮ ಮನೆಯ ಗಂಡಸರೂ ಅವರಿಗೆ ಬಾಗಿಲು ಹಾಕಿಸಿದರು, ನಾನೂ ಸುಮ್ಮನಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಖಾಜಾಮಿಯಾ ಹಿತ್ತಲ ಬಾಗಿಲಿಗೆ ಬಂದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೊರಟಿದ್ದರು. ಕೂಸಿನ ಹಣೆ ಮುಟ್ಟಿ ನೋಡಿ, "ಬುಖಾರ್ ಇಲ್ಲ" ಎಂದು ನಕ್ಕರು. ಅತ್ತೆ ದಾರಿಗೆಂದು ಅದೇ ತಂಬಿಗೆಯಲ್ಲಿ ನೀರು ತುಂಬಿಸಿ ಕೊಟ್ಟರು.

"ವಾಪಸ್ ತಂದು ಕೊಡ್ತೇನ್ರಿ ಅವ್ವಾರ."

ಹೊಸ ತಂಬಿಗೆ ತರಲು ಅತ್ತೆ ಬಿಡಲೇ ಇಲ್ಲ. "ಖಾಜಾ ತರ್ತಾನ" ಎನ್ನುತ್ತ, ಬದುಕಿರುವವರೆಗೂ ಲೋಟದಲ್ಲೇ ಪೂಜೆಯ ನೀರು ತುಂಬಿಕೊಂಡರು. ಆ ಕೂಸಿಗೆ ಈಗ ಮೊಮ್ಮಕ್ಕಳು. ಮೋಟಾರು ಹತ್ತಿದಾಗೆಲ್ಲ ನನ್ನ ಕಣ್ಣು ಆ ಮುಳ್ಳನ್ನು ಹುಡುಕುತ್ತದೆ. ತಂಬಿಗೆ ಬೇಡವಾಗಿತ್ತು, ಅವರೊಬ್ಬರು ಬಂದಿದ್ದರೆ ಸಾಕಿತ್ತು.