ಕೂಗಿದರೆ ಕೇಳುವಷ್ಟು ದೂರ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಜನರಿಲ್ಲದ ಜಾಗ ಹುಡುಕುವ ಚಟ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ತಲೆ ನೆರೆಸಿಕೊಂಡವನಿಗೆ ಇದು ಬಾರದೆ ಇನ್ನೇನು ಬರಬೇಕು? ನಮ್ಮ ಮನೆಯ ಎಡಕ್ಕೆ ವೆಲ್ಡಿಂಗ್ ಅಂಗಡಿ, ಬಲಕ್ಕೆ ಆಟೋ ರಿಪೇರಿ, ಎದುರಿಗೆ ದಿನವಿಡೀ ತಗಡು ಬಡಿಯುವವರು. ಅಡುಗೆಮನೆಯಲ್ಲಿರುವ ಹೆಂಡತಿಗೆ ಚಹಾ ಬೇಕೆಂದು ತಿಳಿಸಲು ಬಾಯಿಗಿಂತ ಕೈಸನ್ನೆಯನ್ನೇ ಹೆಚ್ಚು ನಂಬಿದವನು ನಾನು.

ನಮ್ಮ ಕಡೆ ರಜೆ ಎಂದರೆ ಹೊಸಪೇಟೆಯ ಡ್ಯಾಮ್. ಭಾನುವಾರ ಬಂತೆಂದರೆ ಇಡೀ ಸೀಮೆ ನೀರು ನೋಡಲು ಅಲ್ಲಿ ನೆರೆಯುತ್ತದೆ, ನೀರೊಂದನ್ನು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತದೆ. ನಾನು ಆ ಗದ್ದಲಕ್ಕೆ ಕಾಲಿಡುವುದಿಲ್ಲ. ಹಿನ್ನೀರಿನ ಅಂಚು ಹಿಡಿದು ಹೊರಟು, ಮಣ್ಣಿನ ದಾರಿ ಕಂಡಲ್ಲೆಲ್ಲ ಒಳಗೆ ನುಗ್ಗುತ್ತೇನೆ. ನನ್ನ ಪರೀಕ್ಷೆ ಬಹಳ ಕಠಿಣ. ನೆಲದ ಮೇಲೆ ಒಂದು ಚಿಪ್ಸ್ ಪಾಕೀಟು ಕಂಡರೂ ಆ ಜಾಗ ನಪಾಸು. ಮೊಬೈಲಿಗೆ ಸಿಗ್ನಲ್ ಬಂದರಂತೂ ಗಾಡಿಯಿಂದ ಇಳಿಯುವುದೂ ಇಲ್ಲ. ಪುರಾಣದ ಋಷಿಗಳು ನನಗಿಂತ ದೊಡ್ಡ ಹುಡುಕಾಟಗಾರರು ಎಂಬುದನ್ನು ಒಪ್ಪುತ್ತೇನೆ. ಆದರೆ ಅವರು ಎಷ್ಟೇ ಗೊಂಡಾರಣ್ಯದಲ್ಲಿ ಕೂತರೂ ದೇವಲೋಕದವರು ವಿಳಾಸ ಪತ್ತೆ ಹಚ್ಚಿ, ಕುಣಿಯುವವರನ್ನು ಕಳಿಸಿಬಿಡುತ್ತಿದ್ದರು. ನನ್ನ ಜಾಗಗಳಿಗೆ ಆ ಕಾಟವೂ ಇರಲಿಲ್ಲ, ಮತ್ತು ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು.

ಕಳೆದ ಬೇಸಿಗೆಯಲ್ಲಿ ಈ ಜಂಬ ಪ್ರದರ್ಶಿಸಲೆಂದೇ ಹೆಂಡತಿ ಸುವರ್ಣಳನ್ನೂ ಅವಳ ತಮ್ಮ ತಿಪ್ಪೇಶನನ್ನೂ ಹೊರಡಿಸಿದೆ. ತಿಪ್ಪೇಶನಿಗೆ ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ. ಕಾರು ಅವನದು, ದಾರಿ ತೋರಿಸುವ ದೊಡ್ಡಸ್ತಿಕೆ ನನ್ನದು. ಹಿನ್ನೀರಿನ ಹತ್ತಿರ ಬಂದಾಗ ಒಂದು ಬೇವಿನ ಮರದಡಿ ಟೆಂಪೋ ನಿಲ್ಲಿಸಿಕೊಂಡು ದೊಡ್ಡ ಸಂಸಾರವೊಂದು ಬೀಡುಬಿಟ್ಟಿತ್ತು. ಒಲೆಯ ಮೇಲೆ ಬಿರಿಯಾನಿಯ ದೇಗ್ಚಿಗಳು, ಟೆಂಪೋದ ಮೇಲೆ ಎದೆ ನಡುಗಿಸುವ ಸ್ಪೀಕರ್. ತಿಪ್ಪೇಶ ನೆರಳು ನೋಡಿ ಬ್ರೇಕ್ ಒತ್ತಿದ.

“ಇಲ್ಲೇ ಕುಂದ್ರೂಣೇನು ಭಾವಾ?”

“ಈ ಗದ್ಲ ಕೇಳಾಕ ಇಲ್ಲೀತನಕ ಬರಬೇಕಾಗಿತ್ತೇನೋ? ನಡಿ ಮುಂದಕ್ಕ,” ಎಂದೆ.

ಮುಂದೆ ಹೋಗಿ, ಇನ್ನೂ ಮುಂದೆ ಹೋಗಿ, ಬಂಡೆಗಳ ಸಂದಿಯಲ್ಲಿ ಇಳಿದು ನಾನು ತೋರಿಸಿದ ಜಾಗ ನಿಜಕ್ಕೂ ಸೊಗಸಾಗಿತ್ತು. ಪಾಕೀಟಿಲ್ಲ, ಸಿಗ್ನಲ್ಲಿಲ್ಲ, ನರಪಿಳ್ಳೆಯಿಲ್ಲ. ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದು, ನಮಗೂ ಅದಕ್ಕೂ ನಡುವೆ ಬಿರುಕುಬಿಟ್ಟ ಬಯಲು ಹರಡಿಕೊಂಡಿತ್ತು. ಜಮಖಾನೆ ಹಾಸಿ ಬುತ್ತಿ ಬಿಚ್ಚಿದೆವು. ನಾನು ರೊಟ್ಟಿ ಮುರಿಯುವಷ್ಟರಲ್ಲಿ ಸುವರ್ಣ ಕೈ ತಡೆದಳು.

“ಗಂಗವ್ವಗ ಎಡಿ ಕೊಡದ ಹೆಂಗ ಉಣ್ತೀರಿ?”

ಅವಳ ತವರು ಸಿರುಗುಪ್ಪ. ಕಾಲುವೆ ನೀರಿನಿಂದ ಭತ್ತ ಬೆಳೆಯುವ ಮನೆತನ. ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚಿದರೆ ಮೊದಲ ತುತ್ತು ನೀರಿಗೆ ಮುಟ್ಟಬೇಕು, ಆಮೇಲೆ ಮನುಷ್ಯರಿಗೆ. ಮುತ್ತುಗದೆಲೆಯ ಮೇಲೆ ಮೊಸರನ್ನ, ರೊಟ್ಟಿಯ ಚೂರು, ಒಂದಿಷ್ಟು ಅರಿಶಿನ ಕುಂಕುಮ ಇಟ್ಟುಕೊಂಡು ಎದ್ದೇಬಿಟ್ಟಳು.

“ಕೆಳಗ ಹಸಿ ಇರ್ತೈತಿ, ನೋಡ್ಕೊಂಡು ಹೋಗು,” ಎಂದೆ.

“ಸಿರುಗುಪ್ಪದಾಕಿಗೆ ಕೆಸರಿನ ಪಾಠ ಹೇಳ್ತೀರೇನು? ಗದ್ದ್ಯಾಗ ಬೆಳದಾಕಿ ಅದೀನಿ ನಾನು.”

ಅವಳ ಮಾತು ಸುಳ್ಳಲ್ಲ, ತಪ್ಪಾದದ್ದೂ ಅಲ್ಲಿಯೇ. ನಾಟಿ ಗದ್ದೆಯಲ್ಲಿ ಕಾಲು ಮೊಣಕಾಲತನಕ ಇಳಿಯುತ್ತದೆ, ಆಮೇಲೆ ತಲೆತಲಾಂತರದಿಂದ ಉತ್ತು ತುಳಿದ ಗಟ್ಟಿ ನೆಲ ಅಂಗಾಲಿಗೆ ಸಿಗುತ್ತದೆ. ಆ ನೆಲವನ್ನು ನಂಬಿಯೇ ಅಲ್ಲಿಯ ಹೆಂಗಸರು ಹಾಡು ಹೇಳುತ್ತಾ ನಡೆಯುವುದು. ಹಿನ್ನೀರಿನ ಹೂಳನ್ನು ಯಾರೂ ಉತ್ತಿಲ್ಲ, ಯಾರೂ ತುಳಿದಿಲ್ಲ. ಮೇಲಿನ ಒಣ ಪದರ ಮುರಿದು ಅವಳ ಕಾಲು ಇಳಿದಾಗ ಬೇರೆ ಊರಿನವರಾಗಿದ್ದರೆ ಹೆದರಿ ಹಿಂದೆ ಬರುತ್ತಿದ್ದರು. ಇವಳು ತಳ ಈಗ ಸಿಗುತ್ತದೆ, ಇನ್ನೊಂದು ಹೆಜ್ಜೆಗೆ ಸಿಗುತ್ತದೆ ಎಂದುಕೊಂಡು ಮುಂದಕ್ಕೇ ಹೋದಳು.

“ರೀ... ತಳ ಸಿಗವಲ್ದು.”

ಅವಳು ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ನಾವು ಓಡಿ ಅಂಚಿಗೆ ಬರುವಷ್ಟರಲ್ಲಿ ತೊಡೆಯವರೆಗೆ ಹೂತಿದ್ದಳು. ಎಲೆಯನ್ನು ಮಾತ್ರ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

“ಅಲ್ಲಾಡಬ್ಯಾಡ, ಹಂಗ ನಿಂದ್ರು!”

“ನಿಂದ್ರಾಕ ನೆಲ ಎಲ್ಲೈತ್ರಿ?”

ತಿಪ್ಪೇಶ ಕಿಸೆಯಿಂದ ಕಾರಿನ ಕೀಲಿ ತೆಗೆದ. “ಭಾವಾ, ಅಕ್ಕನ್ನ ಮಾತಾಡಸ್ಕೋಂತ ಇರ್ರಿ. ನಾ ಮಂದೀನ್ನ ಕರ್ಕೊಂಡು ಬರ್ತೀನಿ,” ಎಂದವನೇ ಕಾರಿನತ್ತ ಓಡಿದ. ನಾನು ಜಮಖಾನೆ ಹಾಸಿ ಅದರ ಮೇಲೆ ತೆವಳಿ ನೋಡಿದೆ. ಮೊಣಕೈ ಎರಡೂ ಒಳಗಿಳಿದವು. “ಬರಬ್ಯಾಡ್ರಿ ನೀವು! ಇಬ್ಬರೂ ಸಿಕ್ಕೊಂಡ್ರ ಎಳಿಯೋರು ಯಾರು?” ಎಂದು ಅವಳು ಗದರಿದಾಗ ಹಿಂದೆ ಸರಿದೆ. ಏನು ಮಾತಾಡಿಸಬೇಕು? ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ಮನೆಯಲ್ಲಿ ಬೆಳಗಿನ ಹಾಲು ಮುಚ್ಚಿಟ್ಟಿದ್ದೀಯಾ ಎಂದು ಕೇಳಿದೆ. ಮುಚ್ಚಿಟ್ಟೀನಿ ಎಂದಳು. ಆಮೇಲೆ ಅವಳೂ ಸುಮ್ಮನಾದಳು.

ಆಗ ನನಗೆ ಆ ಮೌನ ಕೇಳಿಸಿತು. ಹಕ್ಕಿಯಿಲ್ಲ, ಗಾಳಿಯಿಲ್ಲ, ದೂರದ ಮೋಟಾರಿನ ಸದ್ದೂ ಇಲ್ಲ. ನಾನು ಇಷ್ಟು ವರ್ಷ ಹುಡುಕಿದ್ದು ಇದನ್ನೇ. “ಯಾರದೀರಿ? ಯಾರರ ಬರ್ರಪ್ಪೋ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೂ ಓಗೊಡಲಿಲ್ಲ. ಯಾರೂ ಓಗೊಡದ ಜಾಗವನ್ನು ನಾನೇ ಆರಿಸಿದ್ದೆನಲ್ಲ! ಹೂಳು ಅವಳ ಸೊಂಟದ ಹತ್ತಿರಕ್ಕೆ ಬಂದಿತ್ತು. ನನಗೆ ಅಳು ಬಂತು. ಅವಳಿಗೆ ಕಾಣದಿರಲೆಂದು ಮುಖ ತಿರುಗಿಸಿಕೊಂಡು ಇನ್ನೊಮ್ಮೆ ಕೂಗಿದೆ.

ಎಷ್ಟೋ ಹೊತ್ತಾದ ಮೇಲೆ ಬಂಡೆಗಳ ಆಚೆ ಒಂದು ಸದ್ದು ಹುಟ್ಟಿತು. ಅದೇ ಸ್ಪೀಕರ್. ಗಡಿಬಿಡಿಯಲ್ಲಿ ಅದನ್ನು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅದಕ್ಕಿಂತ ಇಂಪಾದ ಸಂಗೀತವನ್ನು ನಾನು ಇವತ್ತಿಗೂ ಕೇಳಿಲ್ಲ. ತಿಪ್ಪೇಶನ ಕಾರಿನ ಹಿಂದೆಯೇ ಬಂದ ಟೆಂಪೋದಿಂದ ಗಂಡಸರು ಹೆಂಗಸರೆಲ್ಲ ದಬದಬನೆ ಇಳಿದರು. ಆಮೇಲೆ ವಿಚಾರಿಸಿದರೆ ಅವರೂ ಕೌಲ್ ಬಜಾರಿನವರೇ, ನಮ್ಮ ಹಿಂದಿನ ಓಣಿ. ಟೆಂಪೋದ ಯಜಮಾನ ಬಾಬಾಜಾನ್ ತಾಡಪತ್ರಿ ಹಾಸಿ, ಅದರ ಮೇಲೆ ದೇಗ್ಚಿಗಳ ಅಗಲವಾದ ಮುಚ್ಚಳಗಳನ್ನು ಸಾಲಾಗಿಟ್ಟು ಉದ್ದಕ್ಕೆ ಮಲಗಿದ. ಅವನ ಕಾಲನ್ನು ಒಬ್ಬ, ಆ ಒಬ್ಬನ ಸೊಂಟವನ್ನು ಇನ್ನೊಬ್ಬ ಹಿಡಿದುಕೊಂಡರು.

“ಅಕ್ಕಾ, ಕಾಲು ಎಳೀಬ್ಯಾಡ್ರಿ. ಹಿಂದಕ್ಕ ಒರಗ್ರಿ, ಹಾಸಗಿ ಮ್ಯಾಲ ಮಲಗಿದಂಗ. ಆ ಎಲಿ ಬಿಡ್ರಿ ಮೊದ್ಲು!”

“ಎಲಿ ಬಿಡಂಗಿಲ್ಲ,” ಎಂದಳು ಸುವರ್ಣ.

ಕೊನೆಗೆ ಆ ಎಲೆ ಕೈಯಿಂದ ಕೈಗೆ ದಾಟಿ ದಂಡೆಗೆ ಬಂತು, ಅದರ ಹಿಂದೆಯೇ ಇಂಚಿಂಚಾಗಿ ಸುವರ್ಣಳೂ ಬಂದಳು. ಚಪ್ಪಲಿ ಹೂಳಿನ ಪಾಲಾಯಿತು. ನಾನು ಅವಳ ಕೈ ಹಿಡಿದವನು ಎಲ್ಲರೆದುರು ಬಿಡಲೇ ಇಲ್ಲ. ಇಷ್ಟಾದರೂ ಅವಳ ಚಿಂತೆ ಒಂದೇ, ಎಡೆ ನೀರಿಗೆ ಮುಟ್ಟಲಿಲ್ಲವಲ್ಲ! ಬಾಬಾಜಾನನ ತಾಯಿ ತಮ್ಮ ಕೊಡದಿಂದ ಒಂದು ಬೊಗಸೆ ನೀರು ತಂದು ಎಲೆಯ ಸುತ್ತ ಚಿಮುಕಿಸಿ, “ನೀರೇ ಎಡಿ ಹತ್ರ ಬಂತಲ್ಲವ್ವಾ, ಇನ್ನ ಉಣ್ಣು,” ಎಂದರು. ಬೇವಿನ ಮರದಡಿಗೆ ಮರಳಿ, ಆ ಸ್ಪೀಕರಿನ ಪಕ್ಕದಲ್ಲೇ ಕೂತು ಎಲ್ಲರೂ ಉಂಡೆವು.

ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ನಾನು ಈಗಲೂ ಜಾಗ ಹುಡುಕುತ್ತೇನೆ. ಪರೀಕ್ಷೆ ಮಾತ್ರ ಬದಲಾಗಿದೆ. ಗಾಡಿ ಇಳಿದೊಡನೆ ನಿಂತು “ಓ...” ಎಂದು ಒಮ್ಮೆ ಜೋರಾಗಿ ಕೂಗುತ್ತೇನೆ. ಉತ್ತರ ಬರದಿದ್ದರೆ ಮುಂದಿನ ಜಾಗ. ಹೋದ ತಿಂಗಳು ಕುರುಗೋಡಿನ ಗುಡ್ಡದ ಕಡೆ ಒಂದು ಕೆರೆಯಂಗಳದಲ್ಲಿ ಹೀಗೆ ಕೂಗಿದಾಗ ಬಂಡೆಯ ಹಿಂದಿನಿಂದ ಮುದಿ ದನಿಯೊಂದು ಸಿಟ್ಟಿನಿಂದ ಸಿಡಿಯಿತು.

“ಯಾವನ್ಲೇ ಅವ ಒದರಾಂವ? ಒಂದೀಟು ಸುಮ್ಮ ಕುಂದ್ರೂಣಂತ ಇಲ್ಲಿಗೆ ಬಂದ್ರ ಇಲ್ಲೂ ಕಾಟೇನು?”

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಸುವರ್ಣಳ ಕಡೆ ತಿರುಗಿ, “ಜಾಗ ಭಾಳ ಚಲೋ ಐತಿ, ಇಲ್ಲೇ ಹಾಸು,” ಎಂದೆ.