ದಂಡ ಕಟ್ಟಿ ಬಂದ ಮಧ್ಯಾಹ್ನ

ಮಸ್ಕಿಯಲ್ಲಿ ನಾನು ಎತ್ತಿನ ದಲ್ಲಾಳಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸಿ, ಕೊಡುವವನನ್ನೂ ಕೊಳ್ಳುವವನನ್ನೂ ಒಪ್ಪಿಸಿಯೇ ಮನೆ ಕಟ್ಟಿಸಿದವನು. ಹಾಗಾಗಿ ಪೊಲೀಸ್ ಠಾಣೆಯ ವಿಷಯವಿದ್ದರೂ ಓಣಿಯವರು ನನ್ನನ್ನೇ ಕೇಳುತ್ತಿದ್ದರು. ಕೇಳದವರಿಗೂ ನಾನು ಹೇಳುತ್ತಿದ್ದೆ.

ದೀಪಾವಳಿಗೆ ಇಸ್ಪೀಟು ಆಡುವುದು ನಮ್ಮ ಕಡೆ ತಪ್ಪೆನಿಸುವುದಿಲ್ಲ. ಒಂದು ವರ್ಷ ಪೊಲೀಸರು ಹಿಡಿದ ಗುಂಪಿನಲ್ಲಿ ನನ್ನ ಅಕ್ಕನ ಮಗನೂ ಇದ್ದ. ಲಿಂಗಸುಗೂರು ಕೋರ್ಟಿನ ಹೊರಗೆ ನಿಂತು, "ನಾ ಎಲಿ ಮುಟ್ಟಿಲ್ಲ ಮಾಮಾ, ಬರೇ ನೋಡಾಕತ್ತಿದ್ದೆ. ವಕೀಲರನ್ನ ಹಿಡಿಯೋಣೇನು?" ಅಂದ.

"ವಕೀಲರನ್ನ ಹಿಡದ್ರ ವರ್ಷಗಟ್ಲೆ ತಿರಗ್ತಿ ಲೇ. ಹೌದ್ರಿ ಅಂದು ದಂಡ ಕಟ್ಟು. ಮಧ್ಯಾಹ್ನದ ಬಸ್ಸಿಗೆ ಊರಾಗಿರ್ತಿ."

ಹಾಗೇ ಮಾಡಿದ. ಎಷ್ಟು ಸಲೀಸಾಗಿ ಮುಗಿಸಿದೆ ನೋಡು ಎಂದು ಬಸ್ಸಿನ ತುಂಬ ಹೇಳಿಕೊಂಡು ಬಂದೆ.

ಕಳೆದ ವರ್ಷ ಅವನಿಗೆ ಸಿಂಧನೂರಿನ ಬೀಜದ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಕಾಯಂ ಮಾಡುವ ಮೊದಲು ಪೊಲೀಸರ ಮೂಲಕ ವಿಚಾರಿಸುತ್ತಾರಂತೆ. ಅರ್ಜಿಯಲ್ಲಿ ಹಿಂದೆ ಶಿಕ್ಷೆಯಾಗಿದೆಯೇ ಎಂದು ಕೇಳಿದ್ದಾರೆ, ಏನು ಬರೆಯಲಿ ಎಂದು ಫೋನ್ ಮಾಡಿದ.

"ಜೈಲಿಗೆ ಹೋಗಿ ಬಂದೀಯೇನು? ಇಲ್ಲ ಅಂತ ಬರಿ," ಅಂದೆ.

ಓದುವವರು ಯಾರಾದರೂ ಇಂಥ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತಿದ್ದರೆ, ಇದ್ದದ್ದನ್ನು ಇದೆ ಎಂದೇ ಬರೆಯಿರಿ. ನನ್ನಂಥವನಿಗೆ ಫೋನ್ ಮಾಡಬೇಡಿ.

ಪೊಲೀಸರ ವರದಿ ಬಂದ ಮೇಲೆ ಗೋದಾಮಿನವರು ಅವನನ್ನು ಕರೆಸಿದರು. ನಾನೂ ಹೋದೆ. ಮ್ಯಾನೇಜರ್ ಹೆಣ್ಣುಮಗಳು. ನಾನು ಟವೆಲ್ ಸರಿಮಾಡಿಕೊಂಡು, "ಹಬ್ಬದಾಗಿನ ಆಟರೀ ಮೇಡಂ. ಬೇಕಾದ್ರ ಪಗಾರ ಕಡಿಮಿ ಮಾಡ್ರಿ, ಇನ್ನಷ್ಟು ದಿನ ನೋಡ್ರಿ," ಎಂದು ಶುರುಮಾಡಿದೆ.

"ತಪ್ಪು ಒಪ್ಕೊಂಡು ದಂಡ ಕಟ್ಟಿದ್ರ ಅದೂ ಶಿಕ್ಷೇನೇರೀ. ಬರೇ ಇಸ್ಪೀಟಾಗಿದ್ರ ನಕ್ಕು ಬಿಡ್ತಿದ್ವಿ. ಇಲ್ಲ ಅಂತ ಸುಳ್ಳು ಬರದಾರ. ಗೋದಾಮಿನ ಕೀಲಿ ಇವರ ಕೈಯಾಗ ಹ್ಯಾಂಗ ಬಿಡೋದು?" ಅವನತ್ತ ತಿರುಗಿ ಕೇಳಿದರು: "ಹಂಗ ಬರಿ ಅಂತ ಯಾರರೆ ಹೇಳಿದ್ರೇನು?"

ಅವನು ನನ್ನ ಕಡೆ ನೋಡಲಿಲ್ಲ. "ಇಲ್ಲರೀ. ನನಗ ತಿಳೀಲಿಲ್ಲ."

ನಾನು ಬಾಯಿ ಬಿಡಬಹುದಿತ್ತು. ಸಂತೆಯಲ್ಲಿ ಯಾರ ಮಾತಿಗೂ ಸೋಲದವನು ಗೋಡೆ ನೋಡುತ್ತ ಕೂತೆ. ಅವನು ಕೀಲಿಗಳನ್ನು ಮೇಜಿನ ಮೇಲಿಟ್ಟು ಎದ್ದ.

ಮನೆ ಮುಟ್ಟಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ನೀ ಜೋಡಿ ಇದ್ದೆಲ್ಲೋ ತಮ್ಮಾ, ಏನೂ ಮಾಡಾಕ ಆಗಲಿಲ್ಲೇನು?"

ನನಗಿಂತ ಮೊದಲು ಅವನೇ ಉತ್ತರಿಸಿದ. "ಮಾಮಾ ಭಾಳ ಹೇಳಿ ನೋಡಿದ್ರು ಅವ್ವಾ. ಅವರು ಕೇಳಲಿಲ್ಲ."

ಅಕ್ಕ ನನಗೆ ಕಾಲಿಗೆ ನೀರು ತಂದುಕೊಟ್ಟಳು.